ಬಾಣಂತಿಯ ಎದೆಹಾಲು: ಸೇದಿದಷ್ಟೂ ಒರತೆ

ಮನೆಗೆ ಹಸುಳೆ ಬಂದ ಹೊಸತರಲ್ಲಿ ಸಂತೋಷದೊಡನೆ ಒಂದು ಆತಂಕವೂ ಹೊಸಿಲು ದಾಟಿ ಒಳಗೆ ಬರುವುದುಂಟು. ಮಗು ಸ್ವಲ್ಪ ಹೆಚ್ಚು ಹೊತ್ತು ಅತ್ತರೆ ಸಾಕು, ನೋಡಲು ಬಂದವರಲ್ಲಿ ಯಾರಾದರೊಬ್ಬರು, "ತಾಯಿಗೆ ಹಾಲು ಸಾಲದೆಂದು ಕಾಣುತ್ತದೆ" ಎಂದುಬಿಡುತ್ತಾರೆ. ಆಡಿದವರು ಮನೆಗೆ ಹೋಗುವಷ್ಟರಲ್ಲಿ ಆ ಮಾತನ್ನು ಮರೆಯುತ್ತಾರೆ, ಬಾಣಂತಿ ಮರೆಯಲಾರಳು. ಅಂದಿನಿಂದ ಮಗುವಿನ ಪ್ರತಿಯೊಂದು ಅಳುವೂ ಆಕೆಗೆ ತನ್ನ ಮೇಲಿನ ದೂರಿನಂತೆ ಕೇಳಿಸುತ್ತದೆ. ವಾರ ಕಳೆಯುವುದರೊಳಗೆ ಪುಡಿಹಾಲಿನ ಡಬ್ಬಿಯೂ ಬಾಟಲಿಯೂ ತೊಟ್ಟಿಲ ಪಕ್ಕಕ್ಕೆ ಬಂದು ಕುಳಿತಿರುತ್ತವೆ.

ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿಯ ಊರುಗಳಲ್ಲಿ ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳು ಈ ವಿಷಯವನ್ನು ಕುರಿತು ವಿಶೇಷವಾಗಿ ಚಿಂತಿಸಬೇಕಾದ ಕಾರಣಗಳಿವೆ. ಇಲ್ಲಿಯ ನೀರು ಬೇರೆ, ಇಲ್ಲಿಯ ದುಡಿಮೆಯ ರೀತಿ ಬೇರೆ. ಎದೆಹಾಲು ಕಡಿಮೆಯಾದರೆ ಅದರ ಬೆಲೆಯನ್ನು ಇಲ್ಲಿಯ ಹಸುಳೆ ಬೇರೆಡೆಗಿಂತ ಹೆಚ್ಚಾಗಿ ತೆರಬೇಕಾದೀತು. ಹಾಲು ಹೇಗೆ ಉಂಟಾಗುತ್ತದೆ, ಏಕೆ ಕಡಿಮೆಯಾಗುತ್ತದೆ, ಕಡಿಮೆಯಾದುದನ್ನು ಹೆಚ್ಚಿಸಿಕೊಳ್ಳುವ ಬಗೆ ಯಾವುದು ಎಂಬುದನ್ನು ಮನೆಯ ಹಿರಿಯರೂ ಗಂಡಸರೂ ತಿಳಿದಿರಲೆಂಬುದೇ ಈ ಲೇಖನದ ಉದ್ದೇಶ.

ಹಾಲಿನ ಹೊಳೆಯ ಪಾಠ

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬೇತಮಂಗಲದ ಕೆರೆಗೆ ನೀರೂಡಿಸಿ, ಮುಂದೆ ಆಂಧ್ರ ಮತ್ತು ತಮಿಳುನಾಡಿನತ್ತ ಸಾಗುವ ಪಾಲಾರ್ ನದಿಯ ಹೆಸರಿಗೆ 'ಹಾಲಿನ ಹೊಳೆ' ಎಂದೇ ಅರ್ಥ. ಸಂಸ್ಕೃತದಲ್ಲಿ ಅದು ಕ್ಷೀರನದಿ. ಗಣಿಯ ಊರುಗಳಿಗೆ ಬಹುಕಾಲ ಕುಡಿಯುವ ನೀರು ಬಂದುದು ಈ ಬೇತಮಂಗಲದಿಂದಲೇ. ವರ್ಷದ ಬಹುಭಾಗ ಮೇಲೆ ಬರಿಯ ಮರಳು ಕಾಣುವ ಇಂತಹ ಹೊಳೆಗಳಲ್ಲಿ ಹಿಂದಿನವರು ಮರಳನ್ನು ತೋಡಿ ಚಿಲುಮೆ ಮಾಡಿ ನೀರು ತೆಗೆಯುತ್ತಿದ್ದರು. ಒಂದು ತಂಬಿಗೆ ತೆಗೆದರೆ ಮತ್ತೊಂದು ತಂಬಿಗೆಯಷ್ಟು ಒಸರಿ ಬರುತ್ತಿತ್ತು. ತೆಗೆಯದೆ ಬಿಟ್ಟರೆ ಮರಳು ಕುಸಿದು ಚಿಲುಮೆ ಮುಚ್ಚಿಹೋಗುತ್ತಿತ್ತು.

ತಾಯಿಯ ಎದೆಯೂ ಇಂತಹ ಚಿಲುಮೆಯೇ. ಆದರೆ ನಮ್ಮಲ್ಲಿ ಅನೇಕರು ಅದನ್ನು ಕೆರೆಯೆಂದು ಭಾವಿಸುತ್ತಾರೆ. "ಈಗ ತಾನೇ ಕುಡಿಸಿದ್ದೀಯೆ, ಹಾಲು ತುಂಬಿಕೊಳ್ಳಲಿ, ಮೂರು ಗಂಟೆ ತಡೆ" ಎನ್ನುವ ಹಿರಿಯರ ಮಾತು ಈ ಭಾವನೆಯಿಂದ ಹುಟ್ಟಿದ್ದು. ಮಗು ತೊಟ್ಟನ್ನು ಚೀಪಿದಾಗ ತಾಯಿಯ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ರಸಗಳು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಎಂಬುದು ಹಾಲನ್ನು ಉತ್ಪತ್ತಿ ಮಾಡಿಸುತ್ತದೆ. ಆಕ್ಸಿಟೋಸಿನ್ ಎಂಬುದು ಉತ್ಪತ್ತಿಯಾದ ಹಾಲನ್ನು ತೊಟ್ಟಿನತ್ತ ನೂಕುತ್ತದೆ. ಹಾಲು ಎದೆಯಲ್ಲಿಯೇ ತುಂಬಿ ನಿಂತರೆ, ಉತ್ಪತ್ತಿಯನ್ನು ನಿಧಾನಗೊಳಿಸುವ ಏರ್ಪಾಡೂ ದೇಹದಲ್ಲಿಯೇ ಇದೆ. ಆದುದರಿಂದ ಎಷ್ಟು ಸಲ ಎದೆ ಬರಿದಾಗುತ್ತದೆಯೋ ಅಷ್ಟು ಬೇಗ ಅದು ಮತ್ತೆ ತುಂಬುತ್ತದೆ. ಕಾಯಿಸಿದಷ್ಟೂ ಕಡಿಮೆಯಾಗುತ್ತದೆ.

ಪ್ರೊಲ್ಯಾಕ್ಟಿನ್ ರಾತ್ರಿಯ ವೇಳೆ ಹೆಚ್ಚಾಗಿ ಸ್ರವಿಸುವುದರಿಂದ ರಾತ್ರಿ ಹಾಲುಣಿಸುವುದನ್ನು ತಪ್ಪಿಸಬಾರದು. ಆಕ್ಸಿಟೋಸಿನ್ ಭಯಕ್ಕೂ ನೋವಿಗೂ ಅಳುಕುವ ರಸ. ಮನಸ್ಸು ಕುಗ್ಗಿದ ತಾಯಿಯ ಎದೆಯಲ್ಲಿ ಹಾಲಿದ್ದರೂ ಸರಾಗವಾಗಿ ಇಳಿಯುವುದಿಲ್ಲ. ಬಾಣಂತಿಯ ಮುಂದೆ ಆಡುವ ಮಾತು ಮಗುವಿನ ಊಟವನ್ನು ಮುಟ್ಟುತ್ತದೆಂಬುದನ್ನು ಮನೆಯವರೆಲ್ಲರೂ ನೆನಪಿಡಬೇಕು.

ಮೊದಲ ಹಾಲು ಮತ್ತು ಸೂತಕದ ಮಾತು

ಹಸು ಕರುಹಾಕಿದಾಗ ನಾವು ಗಿಣ್ಣನ್ನು ಎಷ್ಟು ಆಸೆಯಿಂದ ಕಾಯಿಸಿ, ಬೆಲ್ಲ ಏಲಕ್ಕಿ ಬೆರೆಸಿ, ನೆರೆಮನೆಗಳಿಗೂ ಹಂಚುತ್ತೇವೆ! ಆದರೆ ನಮ್ಮ ಮನೆಯ ಮಗಳು ಹೆತ್ತಾಗ ಅವಳ ಎದೆಯಲ್ಲಿ ಬರುವ ಹಳದಿ ಬಣ್ಣದ ಗಟ್ಟಿಯಾದ ಮೊದಲ ಹಾಲನ್ನು 'ಕೆಟ್ಟ ಹಾಲು' ಎಂದು ಹಿಂಡಿ ಚೆಲ್ಲಿಸುವ ಮನೆಗಳು ಇನ್ನೂ ಇವೆ. ಅದರ ಬದಲಿಗೆ ಜೇನುತುಪ್ಪ, ಸಕ್ಕರೆನೀರು, ಹರಳೆಣ್ಣೆಗಳನ್ನು ಹಸುಳೆಯ ನಾಲಗೆಗೆ ಸವರುತ್ತಾರೆ. ಇದು ಎರಡು ರೀತಿಯಲ್ಲಿ ನಷ್ಟ. ಆ ಮೊದಲ ಹಾಲು ರೋಗನಿರೋಧಕ ಅಂಶಗಳಿಂದ ತುಂಬಿದುದು. ಮಗುವಿಗೆ ದೊರೆಯುವ ಮೊದಲ ರಕ್ಷೆ. ಅಲ್ಲದೆ ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಚ್ಚಿದರೆ ಮುಂದಿನ ಹಾಲಿನ ಉತ್ಪತ್ತಿಗೆ ಸರಿಯಾದ ಆರಂಭ ದೊರೆಯುತ್ತದೆ. ಜೇನಿನಲ್ಲಿ ಹಸುಳೆಗೆ ಅಪಾಯ ತರುವ ಸೂಕ್ಷ್ಮಜೀವಿಗಳಿರಬಹುದಾದುದರಿಂದ ಒಂದು ವರ್ಷದವರೆಗೆ ಅದನ್ನು ಕೊಡಲೇಬಾರದು.

ಮೊದಲ ಎರಡು ಮೂರು ದಿನ ಈ ಹಾಲು ಚಮಚದ ಲೆಕ್ಕದಲ್ಲಿ ಬರುವುದೇ ಸಹಜ. ಹಸುಳೆಯ ಜಠರವೂ ಆಗ ಬಹಳ ಚಿಕ್ಕದು. ಮೂರನೆಯ ನಾಲ್ಕನೆಯ ದಿನದ ಹೊತ್ತಿಗೆ ಹಾಲು ತುಂಬಿಬರುತ್ತದೆ. ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದವರಿಗೆ ಒಂದೆರಡು ದಿನ ತಡವಾಗಬಹುದು. ಈ ನಡುವಿನ ದಿನಗಳಲ್ಲಿಯೇ "ಹಾಲಿಲ್ಲ" ಎಂಬ ತೀರ್ಮಾನವನ್ನು ಅವಸರದಿಂದ ಮಾಡಿ ಅನೇಕರು ಬಾಟಲಿಗೆ ಕೈಹಾಕುತ್ತಾರೆ.

ಇಲ್ಲಿ ನಮ್ಮ ಧರ್ಮದ ಒಂದು ಮಾತನ್ನು ನೆನೆಯುವುದು ಉಚಿತ. ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಅವುಗಳಲ್ಲಿ ಜನನಸೂತಕವೂ ಒಂದು. ಗರ್ಭಕ್ಕೆ ಎಂಟು ತಿಂಗಳು ತುಂಬಿದಾಗಲೇ ಲಿಂಗಸಂಸ್ಕಾರ ಮಾಡಿಸುವ ಸಂಪ್ರದಾಯವುಳ್ಳ ಸಮಾಜಕ್ಕೆ ಹುಟ್ಟಿದ ಮಗುವಾಗಲಿ ಹೆತ್ತ ತಾಯಿಯಾಗಲಿ ಮೈಲಿಗೆಯಾಗುವುದೆಂತು? ಬಾಣಂತಿಯನ್ನು ಗಾಳಿ ಬೆಳಕಿಲ್ಲದ ಕೋಣೆಯಲ್ಲಿ ಒಂಟಿಯಾಗಿ ಕೂಡಿಸುವುದೂ ಮಗುವನ್ನು ಬೇರೆ ಕಡೆ ಮಲಗಿಸುವುದೂ ನೆರೆಹೊರೆಯಿಂದ ನಾವು ಕಲಿತುಬಂದ ರೂಢಿ. ಶರಣರ ಮಾರ್ಗಕ್ಕೆ ಅದು ಹೊಂದುವುದಿಲ್ಲ. ಇಷ್ಟಲಿಂಗ ನೆಲೆಸಿದ ಎದೆಯ ಮೇಲೆಯೇ ಹಸುಳೆ ಮಲಗಲಿ. ಕರಡಿಗೆ ಮಗುವಿಗೆ ಒತ್ತದಂತೆ ಅದರ ದಾರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಂಡರೆ ಸಾಕು.

ಅನುಮಾನ ನಿಜವಾಗುವ ಬಗೆ

ಹಾಲು ಸಾಲದೆಂಬ ದೂರಿನ ಹಿಂದೆ ಹೆಚ್ಚಿನ ಮನೆಗಳಲ್ಲಿ ಒಂದೇ ಕ್ರಮ ಕಾಣುತ್ತದೆ. ಸಂಜೆಯ ಹೊತ್ತು ಮಗು ಮತ್ತೆ ಮತ್ತೆ ಎದೆಗೆ ಹಾತೊರೆದು ಅಳುತ್ತದೆ. ಹಸುಳೆಗಳಿಗೆ ಇದು ಸಹಜ. ಎರಡು ಮೂರು ವಾರಗಳಾದಾಗ ಮತ್ತು ಆರು ವಾರಗಳ ಸುಮಾರಿಗೆ ಮಗು ಬೇಗ ಬೆಳೆಯುವ ದಿನಗಳಲ್ಲಿಯೂ ಹೀಗೆಯೇ ಆಗುತ್ತದೆ. ಮಗು ತಾನಾಗಿಯೇ ಚಿಲುಮೆಯನ್ನು ಆಳಕ್ಕೆ ತೋಡಿಕೊಳ್ಳುತ್ತಿರುವ ಹೊತ್ತದು. ಆದರೆ ಮನೆಯವರು ಗಾಬರಿಯಾಗಿ ಪುಡಿಹಾಲು ಕುಡಿಸುತ್ತಾರೆ. ಅದು ನಿಧಾನವಾಗಿ ಜೀರ್ಣವಾಗುವುದರಿಂದ ಮಗು ದೀರ್ಘವಾಗಿ ನಿದ್ರಿಸುತ್ತದೆ. "ನೋಡಿದಿರಾ, ಹಸಿವೇ ಆಗಿತ್ತು" ಎಂದು ಎಲ್ಲರೂ ನಂಬುತ್ತಾರೆ. ಅಷ್ಟರಲ್ಲಿ ಎರಡು ಸಲದ ಎದೆಯುಣಿಸುವಿಕೆ ತಪ್ಪಿರುತ್ತದೆ. ಮರುದಿನ ಹಾಲು ಸ್ವಲ್ಪ ಕಡಿಮೆ ಬರುತ್ತದೆ. ಪುಡಿಹಾಲು ಸ್ವಲ್ಪ ಹೆಚ್ಚುತ್ತದೆ. ಹೀಗೆ ಹದಿನೈದು ದಿನಗಳಲ್ಲಿ ಆರಂಭದಲ್ಲಿ ಇಲ್ಲದ ಕೊರತೆ ನಿಜವಾದ ಕೊರತೆಯಾಗುತ್ತದೆ.

ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಬಾರದು. ಎದೆ ಮೆತ್ತಗಾಗಿದೆಯೆಂಬುದೂ ಲಕ್ಷಣವಲ್ಲ. ಕೆಲವು ವಾರಗಳಾದ ಮೇಲೆ ಎದೆ ಮೆದುವಾಗುವುದು ಎಲ್ಲರಿಗೂ ಸಹಜ. ನಂಬಬಹುದಾದ ಗುರುತುಗಳು ಎರಡು. ಐದಾರು ದಿನಗಳಾದ ಮೇಲೆ ಮಗು ದಿನಕ್ಕೆ ಆರು ಸಲವಾದರೂ ತಿಳಿಬಣ್ಣದ ಮೂತ್ರ ಮಾಡುತ್ತಿರಬೇಕು. ಎರಡನೆಯದು ತೂಕ. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯಬಹುದು. ಎರಡು ವಾರಗಳಾಗುವಷ್ಟರಲ್ಲಿ ಅದು ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಅನಂತರ ಮೊದಲ ತಿಂಗಳುಗಳಲ್ಲಿ ವಾರಕ್ಕೆ ಸುಮಾರು 150 ಗ್ರಾಂಗೆ ಕಡಿಮೆಯಿಲ್ಲದಂತೆ ಏರಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೇ ಬಂದು ಮಗುವನ್ನು ನೋಡಬೇಕೆಂಬ ಏರ್ಪಾಡಿದೆ. ಅವರನ್ನು ಬಾಗಿಲಲ್ಲಿಯೇ ಮಾತಾಡಿಸಿ ಕಳಿಸದೆ ಒಳಗೆ ಕರೆದು ಮಗುವನ್ನು ತೂಗಿಸಿಕೊಳ್ಳಿರಿ.

ಹೆಚ್ಚಿಸಿಕೊಳ್ಳುವ ಕ್ರಮ

ಮೊದಲು ನೋಡಬೇಕಾದುದು ಮಗುವಿನ ಹಿಡಿತ. ಬರಿಯ ತೊಟ್ಟನ್ನು ಕಚ್ಚಿದರೆ ಹಾಲು ಬರುವುದಿಲ್ಲ, ತಾಯಿಗೆ ನೋವು ಮಾತ್ರ ಉಳಿಯುತ್ತದೆ. ಬಾಯಿ ಅಗಲವಾಗಿ ತೆರೆದು ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು ಒಳಗೆ ಹೋಗಬೇಕು. ಗಲ್ಲ ಎದೆಗೆ ತಾಗಿರಬೇಕು. ಕೆಳದುಟಿ ಹೊರಕ್ಕೆ ಮಡಿಸಿರಬೇಕು. ಮಗುವಿನ ತಲೆಯೂ ಬೆನ್ನೂ ಒಂದೇ ಗೆರೆಯಲ್ಲಿದ್ದು ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಬೇಕು. ನುಂಗುವ ಸದ್ದು ಕೇಳಿಸಬೇಕು. ತೊಟ್ಟು ಬಿರಿದು ನೋಯುತ್ತಿದ್ದರೆ ಹಿಡಿತ ಸರಿಯಿಲ್ಲವೆಂದೇ ಬಹುಮಟ್ಟಿಗೆ ತಿಳಿಯಬೇಕು. ಹೆರಿಗೆಯಾದ ಆಸ್ಪತ್ರೆಯ ದಾದಿಯರಿಂದ ಇದನ್ನು ನೋಡಿ ಕಲಿತು ಬರುವುದು ಎಲ್ಲಕ್ಕಿಂತ ಉತ್ತಮ.

ಅನಂತರದ್ದು ಸಲಗಳ ಎಣಿಕೆ. ಗಡಿಯಾರವನ್ನು ನೋಡದೆ, ಮಗು ಬಾಯಿ ಚಪ್ಪರಿಸಿ ಕೈಯನ್ನು ಬಾಯಿಗೆ ಒಯ್ದಾಗಲೆಲ್ಲ, ಹಗಲೂ ರಾತ್ರಿಯೂ ಸೇರಿ 8ರಿಂದ 12 ಸಲ ಎದೆಗೆ ಹಚ್ಚಬೇಕು. ಒಂದು ಕಡೆ ಸಂಪೂರ್ಣ ಮುಗಿಸಿದ ಮೇಲೆ ಮತ್ತೊಂದು ಕಡೆ ಕೊಡಬೇಕು. ನಿದ್ದೆಗಣ್ಣಿನ ಮಗುವಿನ ಬಟ್ಟೆ ಸಡಿಲಿಸಿ ತಾಯಿಯ ಬರಿಯ ಮೈಗೆ ತಾಗಿಸಿ ಮಲಗಿಸಿದರೆ ಅದು ಎಚ್ಚೆತ್ತು ಕುಡಿಯುತ್ತದೆ. ತಾಯಿಯ ಹಾಲೂ ಇಳಿಯುತ್ತದೆ. ಕುಡಿಸಿದ ಮೇಲೆ ಹತ್ತು ನಿಮಿಷ ಕೈಯಿಂದ ಹಿಂಡಿ ತೆಗೆದರೆ ಉತ್ಪತ್ತಿಗೆ ಇನ್ನಷ್ಟು ಪ್ರೇರಣೆ. ಬೆಚ್ಚನೆಯ ಬಟ್ಟೆಯ ಶಾಖ, ಹಿಂಡುವ ಮುನ್ನ ಬೆನ್ನಿನ ಮೇಲ್ಭಾಗವನ್ನು ಹಗುರವಾಗಿ ನೀವುವುದು, ಇವೂ ಸಹಾಯಕ.

ಹಿಂಡಿದ ಹಾಲನ್ನು ಬಾಟಲಿಯಲ್ಲಿ ಕೊಡಬಾರದು. ನಮ್ಮ ಅಜ್ಜಿಯರ ಕಾಲದ ಒಳಲೆಯನ್ನು ಅಟ್ಟದಿಂದ ಇಳಿಸಿರಿ. ಗಣಿಯ ಊರುಗಳ ತಮಿಳು ನೆರೆಯವರು ಪಾಲಾಡೈ ಎನ್ನುವುದೂ ಇದನ್ನೇ. ದಿನ ತುಂಬದೆ ಹುಟ್ಟಿದ ಹಸುಳೆಗಳಿಗೆ ಹಾಲೂಡಿಸಲು ದೊಡ್ಡ ಆಸ್ಪತ್ರೆಗಳಲ್ಲಿಯೂ ಇಂದು ಇದನ್ನೇ ಬಳಸುತ್ತಾರೆ. ರಬ್ಬರ್ ತೊಟ್ಟಿನ ರುಚಿ ಕಂಡ ಮಗು ಎದೆಯನ್ನು ಚೀಪಲು ಸೋಮಾರಿಯಾಗುವುದುಂಟು. ಒಳಲೆಯಲ್ಲಿ ಆ ಭಯವಿಲ್ಲ, ಕುದಿಸಿ ಶುಚಿ ಮಾಡುವುದೂ ಸುಲಭ. ಈಗಾಗಲೇ ಪುಡಿಹಾಲಿಗೆ ಒಗ್ಗಿದ ಮಗುವಿಗೆ ಅದನ್ನು ಒಮ್ಮೆಲೆ ನಿಲ್ಲಿಸಬಾರದು, ನೀರು ಹೆಚ್ಚಿಸಿ ತೆಳುವಾಗಿಸಲೂ ಬಾರದು. ಪ್ರತಿ ಸಲ ಮೊದಲು ಎದೆ, ಆಮೇಲೆ ಅಗತ್ಯವಿದ್ದಷ್ಟು ಪುಡಿಹಾಲು ಎಂಬ ಕ್ರಮದಲ್ಲಿ, ವೈದ್ಯರಲ್ಲಿ ತೂಕ ನೋಡಿಸುತ್ತ, ದಿನದಿಂದ ದಿನಕ್ಕೆ ಕಡಿಮೆ ಮಾಡಬೇಕು. ಈ ಕ್ರಮವನ್ನು ಬಿಡದೆ ನಡೆಸಿದ ತಾಯಂದಿರಲ್ಲಿ ಬಹಳ ಮಂದಿಗೆ ಕೆಲವು ವಾರಗಳಲ್ಲಿ ಹಾಲು ಏರುತ್ತದೆ.

ಬಾಣಂತಿಯ ತಟ್ಟೆ

ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ, ಜೀರಿಗೆ, ನುಗ್ಗೆಸೊಪ್ಪು ಹಾಲು ಹೆಚ್ಚಿಸುತ್ತವೆಂಬುದು ನಮ್ಮ ಮನೆಗಳ ಬಹುಕಾಲದ ನಂಬಿಕೆ. ಇವು ಪೌಷ್ಟಿಕವೂ ರುಚಿಕರವೂ ಆದ ಪದಾರ್ಥಗಳು, ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಎದೆ ಬರಿದಾಗದೆ ಕೇವಲ ಸೊಪ್ಪಿನಿಂದ ಹಾಲು ಹೆಚ್ಚದು. ಮಗುವಿನ ಬಾಯಿಯೇ ಮೊದಲ ಔಷಧ. ತಟ್ಟೆ ಅದಕ್ಕೆ ಬೆಂಬಲ. ಶತಾವರಿಯ ಲೇಹ್ಯವನ್ನಾಗಲಿ ಹಾಲು ಹೆಚ್ಚಿಸುವ ಮಾತ್ರೆಗಳನ್ನಾಗಲಿ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಮೊದಲ ಆರು ತಿಂಗಳು ಹಾಲುಣಿಸುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕು. ಬರಿಯ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ ಎಂಬ ಪಥ್ಯದಿಂದ ಇದು ಪೂರೈಸುವುದಿಲ್ಲ. ನಮ್ಮ ಜಿಲ್ಲೆಯ ರಾಗಿಗಿಂತ ಒಳ್ಳೆಯ ಬಾಣಂತಿಯ ಆಹಾರ ಬೇರೆ ಹುಡುಕಬೇಕಿಲ್ಲ. ಅದರ ನೂರು ಗ್ರಾಂನಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ. ರಾಗಿ ಮುದ್ದೆ, ಬೇಳೆ, ಅವರೆ, ಹುರುಳಿ, ಸೊಪ್ಪು, ಕಡಲೆಕಾಯಿ, ತುಪ್ಪ ಎಲ್ಲವೂ ಇರಲಿ. ನಾವು ಸಸ್ಯಾಹಾರಿಗಳಾದುದರಿಂದ ಬಿ-12 ಜೀವಸತ್ವ ನಮಗೆ ಮುಖ್ಯವಾಗಿ ಹಾಲು ಮೊಸರುಗಳಿಂದಲೇ ದೊರೆಯಬೇಕು. "ಶೀತ" ಎಂದು ಬಾಣಂತಿಗೆ ಮೊಸರು ನಿಲ್ಲಿಸಿದರೆ ಅದರ ಕೊರತೆ ಎದೆಹಾಲಿನ ಮೂಲಕ ಮಗುವಿಗೂ ತಟ್ಟುತ್ತದೆ. ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಬಾಯಾರಿಸುವುದಂತೂ ಕ್ರೌರ್ಯವೇ ಸರಿ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಗಳ ಮೂಲಕ ಬಾಣಂತಿಯರಿಗೂ ಬಿಸಿಯೂಟದ ಏರ್ಪಾಡಾಯಿತು. ಅಗತ್ಯವುಳ್ಳವರು ಇಂತಹ ನೆರವನ್ನು ಪಡೆಯಲು ಸಂಕೋಚಪಡಬಾರದು.

ನಮ್ಮ ನೀರು, ಅವರ ಡಬ್ಬಿ

ಶಾಶ್ವತವಾಗಿ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆ ಆಳದ ಕೊಳವೆಬಾವಿಗಳನ್ನು ನಂಬಿ ಬಂದಿದೆ. ಇಲ್ಲಿಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಕಲೆಗಟ್ಟಿದ ಹಲ್ಲುಗಳ ಮಕ್ಕಳನ್ನು ನಾವು ಈ ಸೀಮೆಯಲ್ಲಿ ಕಂಡೇ ಇದ್ದೇವೆ. ಪುಡಿಹಾಲು ಕುಡಿಯುವ ಹಸುಳೆಯ ಆಹಾರವೆಂದರೆ ಬಹುಪಾಲು ನೀರೇ. ದೊಡ್ಡವರ ಪಾಲಿಗೆ ಊಟದ ಜೊತೆಯ ನೀರು, ಮಗುವಿನ ಪಾಲಿಗೆ ಇಡೀ ಊಟ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ತಾಯಿಯ ದೇಹದ ವಿಚಿತ್ರ ಕಾರುಣ್ಯವನ್ನು ಇಲ್ಲಿ ನೋಡಬೇಕು. ತಾಯಿ ಅದೇ ನೀರು ಕುಡಿದರೂ ಆಕೆಯ ಎದೆಹಾಲಿಗೆ ಇಳಿಯುವ ಫ್ಲೋರೈಡ್ ಅತ್ಯಲ್ಪ. ಯಾವ ಶುದ್ಧೀಕರಣ ಘಟಕಕ್ಕೂ ಕಡಿಮೆಯಿಲ್ಲದ ಸೋಸಣಿಗೆ ಅದು. ಆದುದರಿಂದ ಆರು ತಿಂಗಳು ತುಂಬುವವರೆಗೆ ಎದೆಹಾಲೊಂದನ್ನೇ ಕೊಡಬೇಕು, ನೀರನ್ನೂ ಕೊಡಬಾರದು ಎಂಬ ಲೋಕಸಮ್ಮತ ಸಲಹೆ ನಮ್ಮ ಜಿಲ್ಲೆಗೆ ಇಮ್ಮಡಿಯಾಗಿ ಅನ್ವಯಿಸುತ್ತದೆ. ಅನಿವಾರ್ಯವಾಗಿ ಪುಡಿಹಾಲು ಕೊಡಲೇಬೇಕಾದವರು ಫ್ಲೋರೈಡ್ ತೆಗೆದ ನೀರನ್ನು ಕುದಿಸಿ ಬಳಸಬೇಕು. ಶಿಶು ಆಹಾರದ ಡಬ್ಬಿಗಳಿಗೂ ಹಾಲಿನ ಬಾಟಲಿಗಳಿಗೂ ಜಾಹೀರಾತು ನೀಡುವುದನ್ನು ನಮ್ಮ ದೇಶದಲ್ಲಿ 1992ರ ಕಾಯಿದೆ ಮತ್ತು ಅದರ 2003ರ ತಿದ್ದುಪಡಿ ನಿಷೇಧಿಸಿರುವುದು ಸುಮ್ಮನೆ ಅಲ್ಲ.

ರೈಲು ಹಿಡಿಯುವ ತಾಯಂದಿರು

2001ರ ಫೆಬ್ರವರಿಯಲ್ಲಿ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಈ ಸೀಮೆಯ ದುಡಿಮೆ ರೈಲು ಹತ್ತಿತು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿನಲ್ಲಿಯೇ ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋಗುವ ಸಹಸ್ರಾರು ಜನರಲ್ಲಿ ಹಸುಗೂಸಿನ ತಾಯಂದಿರೂ ಇರುತ್ತಾರೆ. ಹಗಲೆಲ್ಲ ಎದೆ ತುಂಬಿಯೇ ಇದ್ದು ಸಂಜೆ ಮನೆ ಸೇರುವ ತಾಯಿಗೆ ಹಾಲು ತಗ್ಗುವುದು ಪ್ರಕೃತಿಯ ಲೆಕ್ಕ.

ಇದಕ್ಕೂ ಉಪಾಯವಿದೆ. ಕೆಲಸಕ್ಕೆ ಮರಳುವ ಎರಡು ವಾರ ಮುಂಚಿನಿಂದ ಹಿಂಡುವ ಅಭ್ಯಾಸ ಮಾಡಬೇಕು. ಹೊರಡುವ ಮುನ್ನ ಕುಡಿಸಿ, ಕೆಲಸದ ಸ್ಥಳದಲ್ಲಿ ಮೂರು ಗಂಟೆಗೊಮ್ಮೆ ಹಿಂಡಿ, ಮನೆಗೆ ಬಂದೊಡನೆ ಕುಡಿಸಿ, ರಾತ್ರಿಯೂ ಕುಡಿಸಿದರೆ ಹಾಲು ನಿಲ್ಲುತ್ತದೆ. ಮುಂಜಾನೆ ಮನೆಯಲ್ಲಿ ಹಿಂಡಿಟ್ಟ ಹಾಲನ್ನು ಮುಚ್ಚಿದ ಶುಚಿಯಾದ ಸ್ಟೀಲಿನ ಪಾತ್ರೆಯಲ್ಲಿ ತಂಪಾದ ಕೋಣೆಯೊಳಗೆ 4 ಗಂಟೆ, ಫ್ರಿಜ್ಜಿನಲ್ಲಿ 24 ಗಂಟೆ ಇಡಬಹುದು. ಅದನ್ನು ಒಲೆಯ ಮೇಲೆ ಕಾಯಿಸದೆ, ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ, ಅತ್ತೆಯವರೋ ತಾಯಿಯವರೋ ಒಳಲೆಯಿಂದ ಕುಡಿಸಬಹುದು. ಅರ್ಹ ಉದ್ಯೋಗಸ್ಥ ಸ್ತ್ರೀಯರಿಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆ 2017ರಿಂದ ದೊರೆತಿದೆ. ಮಗುವಿಗೆ 15 ತಿಂಗಳಾಗುವವರೆಗೆ ಕೆಲಸದ ನಡುವೆ ದಿನಕ್ಕೆ ಎರಡು ಬಾರಿ ಹಾಲುಣಿಸುವ ಬಿಡುವನ್ನೂ ಕಾನೂನು ಕೊಟ್ಟಿದೆ. ಕೇಳಿ ಪಡೆಯಬೇಕಾದ ಹಕ್ಕು ಇದು.

ನಿಜವಾದ ಕೊರತೆ

ಇಷ್ಟೆಲ್ಲ ಮಾಡಿಯೂ ಕೆಲವು ತಾಯಂದಿರಿಗೆ ಹಾಲು ಸಾಲದಿರುವುದುಂಟು. ಥೈರಾಯ್ಡ್ ದೋಷ, ಹೆರಿಗೆಯಲ್ಲಿ ಅತಿಯಾದ ರಕ್ತಸ್ರಾವ, ಗರ್ಭಕೋಶದಲ್ಲಿ ಮಾಸಿನ ಚೂರು ಉಳಿದಿರುವುದು, ಎದೆಯ ಶಸ್ತ್ರಚಿಕಿತ್ಸೆ, ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆಗಳು ಇದಕ್ಕೆ ಕಾರಣವಾಗಬಹುದು. ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆಯಿದೆ. ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ, ಮಗು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಕಾಮಾಲೆ ಏರುತ್ತಿದ್ದರೆ, ಎರಡು ವಾರಗಳಾದರೂ ತೂಕ ಮರಳದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ಬಂಗಾರಪೇಟೆಯ ತಾಲ್ಲೂಕು ಆಸ್ಪತ್ರೆ, ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಆಸ್ಪತ್ರೆ, ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ, ಟಮಕದ ಆರ್. ಎಲ್. ಜಾಲಪ್ಪ ಆಸ್ಪತ್ರೆ ಇವುಗಳಲ್ಲಿ ಹತ್ತಿರವಾದುದಕ್ಕೆ ಅಂದೇ ಕರೆದೊಯ್ಯಬೇಕು. ಆಗ ವೈದ್ಯರು ಪೂರಕ ಹಾಲು ಹೇಳಿದರೆ ಅದನ್ನು ಔಷಧವೆಂದೇ ತಿಳಿದು ಕೊಡಬೇಕು. ಹಸುವಿನ ಹಾಲಿಗೆ ನೀರು ಬೆರೆಸಿ ಕೊಡುವುದು ಮಾತ್ರ ಪರಿಹಾರವಲ್ಲ. ಒಂದು ವರ್ಷದೊಳಗಿನ ಮಗುವಿಗೆ ಅದು ತಕ್ಕ ಆಹಾರವಲ್ಲ.

ಇಂತಹ ತಾಯಿಯನ್ನು ಹಳಿಯಲು ಯಾರಿಗೂ ಅಧಿಕಾರವಿಲ್ಲ. ಅರ್ಧ ಹಾಲಾದರೂ ಅದು ಅಮೃತವೇ, ಕೊಟ್ಟಷ್ಟೂ ಲಾಭವೇ. ಒಬ್ಬ ತಾಯಿಯ ಹೆಚ್ಚಿನ ಹಾಲನ್ನು ಮತ್ತೊಬ್ಬರ ಹಸುಳೆಗೆ ಉಣಿಸುವ ಹಾಲಿನ ಬ್ಯಾಂಕುಗಳೂ ಇಂದು ಇವೆ. 1989ರಲ್ಲಿ ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ ಆರಂಭವಾದ ಈ ಕಾರ್ಯ 2022ರಲ್ಲಿ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಗೂ ಬಂದಿತು. ದಿನ ತುಂಬದೆ ಹುಟ್ಟಿದ ಕಂದಮ್ಮಗಳಿಗೆ ಅದು ಜೀವದಾನ. ದಾಸೋಹಕ್ಕೆ ಇದಕ್ಕಿಂತ ಸೂಕ್ಷ್ಮವಾದ ರೂಪ ನಮಗೆ ತೋಚದು.

ಬಾಣಂತಿ ಹಾಲುಣಿಸುವುದು ಕಾಯಕ. ಆ ಕಾಯಕಕ್ಕೆ ಬಿಡುವು ಮಾಡಿಕೊಡುವುದು ಮನೆಯವರ ಕಾಯಕ. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಬಂದವರಿಗೆ ಕಾಫಿ ಕೊಡುವುದು ಆಕೆಯ ಪಾಲಿಗೆ ಬಾರದಿರಲಿ. ರಾತ್ರಿ ಮಗು ಎದ್ದಾಗ ಪತಿಯೂ ಎದ್ದು ಒಂದು ಲೋಟ ನೀರು ಅಥವಾ ಬಿಸಿಹಾಲು ಕೊಡಲಿ. "ಹಾಲು ಸಾಲದು" ಎನ್ನುವ ಬದಲು "ಇನ್ನೊಮ್ಮೆ ಹಚ್ಚಿ ನೋಡವ್ವ, ನಾವಿದ್ದೇವೆ" ಎನ್ನುವ ಹಿರಿಯರು ಪ್ರತಿ ಮನೆಯಲ್ಲಿಯೂ ಇರಲಿ. ನಮ್ಮ ಮನೆಗಳ ಎಲ್ಲ ಕಂದಮ್ಮಗಳಿಗೂ ತಾಯಿಹಾಲಿನ ಭಾಗ್ಯ ದೊರೆಯಲೆಂದು ಹಾರೈಸುತ್ತೇವೆ.